ಶವಪೆಟ್ಟಿಗೆಯ ಬಳಿಯ ನಾಯಿ: ಲ್ಯಾಂಡ್‌ಸಿಯರನ ಒಂದು ಚಿತ್ರ

ಯುರೋಪಿನ ರಮ್ಯ ಪಂಥದ ಕಾಲದ ಗ್ರಾಮಜೀವನದ ಚಿತ್ರಗಳಲ್ಲಿ ಪ್ರಾಣಿಯು ಬಹುಮಟ್ಟಿಗೆ ಮನುಷ್ಯನ ಪಕ್ಕದ ಅಲಂಕಾರವಾಗಿರುತ್ತದೆ. ಇಂಗ್ಲೆಂಡಿನ ಎಡ್ವಿನ್ ಲ್ಯಾಂಡ್‌ಸಿಯರ್ (1802–1873) 1837ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ‘ಮುದಿ ಕುರಿಗಾಹಿಗೆ ಮರುಗುವವರಲ್ಲಿ ಮೊದಲಿಗ’ ಎಂಬರ್ಥದ ಹೆಸರಿನ ತೈಲಚಿತ್ರವು ಈ ಕ್ರಮವನ್ನು ತಿರುವುಮುರುವು ಮಾಡುತ್ತದೆ.

ಇಲ್ಲಿ ಮನುಷ್ಯನ ಮುಖವೇ ಇಲ್ಲ. ಸ್ಕಾಟ್ಲೆಂಡಿನ ಬೆಟ್ಟನಾಡಿನ ಬಡ ಗುಡಿಸಲು; ಕಂಬಳಿ ಹೊದಿಸಿದ ಶವಪೆಟ್ಟಿಗೆ; ಅದರ ಮೇಲೆ ತಲೆಯಿಟ್ಟ ನಾಯಿ. ನೆಲದಲ್ಲಿ ಕೋಲು ಮತ್ತು ಟೊಪ್ಪಿಗೆ, ಪಕ್ಕದಲ್ಲಿ ಮುಚ್ಚಿದ ಬೈಬಲ್ ಮತ್ತು ಕನ್ನಡಕ. ಸತ್ತವನ ದುಡಿಮೆ, ಭಕ್ತಿ, ಮುಪ್ಪು, ಒಂಟಿತನಗಳನ್ನು ನಾವು ಈ ವಸ್ತುಗಳಿಂದಲೇ ಅರಿಯಬೇಕು.

ವಿಮರ್ಶಕ ಜಾನ್ ರಸ್ಕಿನ್ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ಮೊದಲ ಸಂಪುಟದಲ್ಲಿ (1843) ಈ ಚಿತ್ರವನ್ನು ಉದಾಹರಿಸಿದ್ದಾನೆ. ನಾಯಿಯ ರೋಮದ ಹೊಳಪನ್ನು ಬಿಡಿಸುವ ಕೌಶಲವು ಅವನ ದೃಷ್ಟಿಯಲ್ಲಿ ಕೇವಲ ಭಾಷೆ. ಕಂಬಳಿಯನ್ನು ಎಳೆದುಬಿಟ್ಟಿರುವ ಪಂಜಗಳ ಬಿಗಿಹಿಡಿತವಾದರೋ ವಿಚಾರ.

ಶವಸಂಸ್ಕಾರದಲ್ಲಿ ಮೊದಲ ಸ್ಥಾನವು ಹತ್ತಿರದ ಬಂಧುವಿಗೆ ಸಲ್ಲತಕ್ಕದ್ದು. ಶೀರ್ಷಿಕೆಯು ಅದನ್ನು ನಾಯಿಗೆ ಒಪ್ಪಿಸುತ್ತದೆ. ಇದನ್ನು ಅತಿಭಾವುಕತೆಯೆಂದು ಕೆಲವರು ತಳ್ಳಿಹಾಕಬಹುದು. ಆದರೆ ಚಿತ್ರಕಾರನು ನಾಯಿಗೆ ಕಣ್ಣೀರನ್ನಾಗಲಿ ಮನುಷ್ಯನ ಮುಖಭಾವವನ್ನಾಗಲಿ ಆರೋಪಿಸಿಲ್ಲ. ಅದರ ಮೈಯ ಭಾರವನ್ನಷ್ಟೇ ಪೆಟ್ಟಿಗೆಗೆ ಒರಗಿಸಿದ್ದಾನೆ. ಬಂಧುಗಳು ಕಾಣದ ಆ ಕೋಣೆಯಲ್ಲಿ ಬಡವನೊಬ್ಬನ ಸಾವಿಗೆ ಸಂದ ಗೌರವವನ್ನು ನಾವು ಗುರುತಿಸುವುದು ಇಲ್ಲಿಯೇ.

ಜಾನ್ ಶೀಪ್‌ಶ್ಯಾಂಕ್ಸ್ 1857ರಲ್ಲಿ ದಾನವಾಗಿ ನೀಡಿದ ಈ ಚಿತ್ರವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.