ಈಸ್ಟರ್ ಹಬ್ಬ, ಮಕ್ಕಳ ಪ್ರಶ್ನೆ ಮತ್ತು ಕನ್ನಡ ಲಿಪಿ

ಹಬ್ಬವೊಂದು ಹಿರಿಯರಿಂದ ಕಿರಿಯರಿಗೆ ಸಾಗುವಾಗ ಆಚರಣೆ ಮತ್ತು ಅದರ ಅರ್ಥ ಎರಡೂ ಜೊತೆಯಾಗಿ ಸಾಗಬೇಕಾಗುತ್ತದೆ. ಆಚರಣೆಯನ್ನು ಮಗು ಕಣ್ಣಿನಿಂದ ಕಲಿಯುತ್ತದೆ. ಗರಿ ಹಿಡಿಯುವುದು, ದೀಪ ಹಚ್ಚುವುದು, ಮೊಣಕಾಲೂರುವುದು ಇವೆಲ್ಲ ನೋಡಿ ಬರುವ ವಿದ್ಯೆ. ಅರ್ಥವಾದರೋ ಮಾತಿನ ಮೂಲಕವೇ ಬರಬೇಕು. ಮನೆಯ ಮಾತು, ಶಾಲೆಯ ಮಾತು, ಪ್ರಾರ್ಥನೆಯ ಮಾತು ಬೇರೆಬೇರೆಯಾಗಿರುವ ಗಡಿನಾಡಿನಲ್ಲಿ ಈ ಎರಡರ ನಡುವೆ ಅಂತರ ಬೀಳುವ ಸಂಭವ ಹೆಚ್ಚು. ಕಾಸರಗೋಡು, ನೀಲಗಿರಿ, ಆದವಾನಿ ಸೀಮೆಗಳ ಹಿನ್ನೆಲೆಯಲ್ಲಿ ಈಸ್ಟರ್ ಹಬ್ಬವನ್ನು ನಿದರ್ಶನವಾಗಿಟ್ಟುಕೊಂಡು ಈ ಸಂಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯಿಂದ ಹುಟ್ಟಿದ ಹಬ್ಬ

ಈಸ್ಟರ್ ಹಬ್ಬದ ಬೇರು ಯೆಹೂದ್ಯರ ಪಸ್ಕ ಹಬ್ಬದಲ್ಲಿದೆ. ಐಗುಪ್ತದ ದಾಸ್ಯದಿಂದ ಇಸ್ರಾಯೇಲರು ಬಿಡುಗಡೆ ಹೊಂದಿದ ರಾತ್ರಿಯ ನೆನಪು ಅದು. ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯವು ಈ ಹಬ್ಬದ ವಿಧಿಗಳನ್ನು ಹೇಳುತ್ತ, ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರೆಂದೂ ಆಗ ತಂದೆತಾಯಿಗಳು ಬಿಡುಗಡೆಯ ವೃತ್ತಾಂತವನ್ನು ಹೇಳಬೇಕೆಂದೂ ಸೂಚಿಸುತ್ತದೆ. ಇಂದಿಗೂ ಯೆಹೂದ್ಯ ಕುಟುಂಬಗಳ ಪಸ್ಕ ಭೋಜನದಲ್ಲಿ ಮನೆಯ ಅತ್ಯಂತ ಕಿರಿಯ ಸದಸ್ಯನು, ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆಯೆಂದು ಕೇಳುತ್ತಾನೆ. ಹಿರಿಯರ ಕಥನ ಅದಕ್ಕೆ ಉತ್ತರವಾಗಿ ಆರಂಭವಾಗುತ್ತದೆ. ಮಗುವಿನ ಪ್ರಶ್ನೆಯು ಹೀಗೆ ಹಬ್ಬದ ವಿಧಿಯ ಒಂದು ಅಂಗವೇ ಆಗಿದೆ.

ಯೇಸುವು ಶಿಷ್ಯರೊಡನೆ ಮಾಡಿದ ಕಡೆಯ ಭೋಜನ, ಶಿಲುಬೆಯ ಮರಣ, ಮೂರನೆಯ ದಿನದ ಪುನರುತ್ಥಾನ ಈ ಮೂರೂ ಪಸ್ಕದ ಕಾಲದಲ್ಲಿ ನಡೆದುವೆಂದು ಸುವಾರ್ತೆಗಳು ಹೇಳುತ್ತವೆ. ದಾಸ್ಯದಿಂದ ಬಿಡುಗಡೆಯೆಂಬ ಹಳೆಯ ಅರ್ಥದ ಮೇಲೆ ಮರಣದಿಂದ ಬಿಡುಗಡೆಯೆಂಬ ಹೊಸ ಅರ್ಥ ನೆಲೆಗೊಂಡಿತು. ಕನ್ನಡದ ಕಥೋಲಿಕರು ಈಸ್ಟರನ್ನು ಪಾಸ್ಖವೆಂದು ಕರೆಯುವುದರಲ್ಲಿ ಈ ನಂಟು ಉಳಿದಿದೆ.

ಹಬ್ಬದ ದಿನವನ್ನು ಗೊತ್ತುಪಡಿಸುವ ಕ್ರಮವೂ ಈ ಮೂಲವನ್ನು ನೆನಪಿಸುತ್ತದೆ. ಎಲ್ಲ ಸಭೆಗಳೂ ಒಂದೇ ಭಾನುವಾರ ಹಬ್ಬವನ್ನು ಆಚರಿಸಬೇಕೆಂದು 325ರ ನಿಸಿಯಾ ಮಹಾಸಭೆ ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅದರ ಬಳಿಕ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್ ಎಂಬುದು ರೂಢಿಗೆ ಬಂದ ಸೂತ್ರ. ಪಾಶ್ಚಾತ್ಯ ಸಭೆಗಳ ಗಣನೆಯಂತೆ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಬೀಳುತ್ತದೆ. ಯುಗಾದಿಯ ಆಚೀಚೆಗೆ ಬರುವ ಈ ಹಬ್ಬ ಪ್ರತಿವರ್ಷ ಏಕೆ ದಿನ ಬದಲಿಸುತ್ತದೆಂದು ಮಗು ಕೇಳಿದರೆ, ಚಂದ್ರನ ಗತಿಯನ್ನು ಅನುಸರಿಸುವ ನಮ್ಮ ಊರಿನ ಇತರ ಹಬ್ಬಗಳನ್ನು ತೋರಿಸಿಯೇ ಉತ್ತರ ಹೇಳಬಹುದು.

ಪವಿತ್ರ ವಾರ: ಮಗು ಕಾಣುವುದೇನು

ಬೂದಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲ ಪವಿತ್ರ ವಾರದಲ್ಲಿ ತನ್ನ ಕೊನೆಯನ್ನು ಮುಟ್ಟುತ್ತದೆ. ಈ ವಾರದ ವಿಧಿಗಳು ಕಥೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ನಡೆಸಿ ತೋರಿಸುತ್ತವೆ. ಗರಿಗಳ ಭಾನುವಾರ ಮಕ್ಕಳು ಗರಿ ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಾರೆ. ಕರಾವಳಿಯಲ್ಲಿ ಇದಕ್ಕೆ ತೆಂಗಿನ ಎಳೆಯ ಗರಿ ಒದಗುತ್ತದೆ. ಕಥೋಲಿಕ ಮನೆಗಳಲ್ಲಿ ಆ ಗರಿಯನ್ನು ಶಿಲುಬೆಯ ಬಳಿ ವರ್ಷವಿಡೀ ಇಡುತ್ತಾರೆ. ಹಳೆಯ ಗರಿಗಳನ್ನು ಸುಟ್ಟ ಬೂದಿಯೇ ಮುಂದಿನ ವರ್ಷದ ಬೂದಿ ಬುಧವಾರ ಹಣೆಯ ಮೇಲೆ ಬೀಳುತ್ತದೆ. ಜಯಘೋಷದ ಗರಿ ಪಶ್ಚಾತ್ತಾಪದ ಬೂದಿಯಾಗುವ ಈ ಚಕ್ರವನ್ನು ಒಮ್ಮೆ ತೋರಿಸಿಕೊಟ್ಟರೆ ಎಂಟು ವರ್ಷದ ಮಗುವೂ ಗ್ರಹಿಸಬಲ್ಲದು.

ಗುರುವಾರ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. ದೊಡ್ಡವರು ಚಿಕ್ಕವರ ಕಾಲು ಮುಟ್ಟುವ ಈ ದೃಶ್ಯ, ಹಿರಿಯರ ಕಾಲಿಗೆ ನಮಸ್ಕರಿಸುವುದನ್ನು ಕಲಿತ ಮಗುವಿನಲ್ಲಿ ಸಹಜವಾಗಿ ಬೆರಗು ಹುಟ್ಟಿಸುತ್ತದೆ. ಶುಕ್ರವಾರ ಬಲಿಪೂಜೆಯಿಲ್ಲ, ಗಂಟೆಯ ದನಿಯಿಲ್ಲ, ಪೀಠದ ಮೇಲೆ ಹಾಸುಬಟ್ಟೆಯೂ ಇರುವುದಿಲ್ಲ. ಶನಿವಾರ ರಾತ್ರಿಯ ಜಾಗರಣೆಯಲ್ಲಿ ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತುತ್ತದೆ. ಆ ವರ್ಷದ ಅಂಕಿಗಳನ್ನು ಕೆತ್ತಿದ ಪಾಸ್ಖ ದೀಪವು ಕತ್ತಲೆಯ ದೇವಾಲಯವನ್ನು ಪ್ರವೇಶಿಸಿ, ಅದರಿಂದ ಒಬ್ಬರ ಮೇಣದಬತ್ತಿ ಇನ್ನೊಬ್ಬರದಕ್ಕೆ ಹೊತ್ತಿಕೊಳ್ಳುತ್ತದೆ. ತಪಸ್ಸುಕಾಲದುದ್ದಕ್ಕೂ ಉಚ್ಚರಿಸದ ‘ಅಲ್ಲೆಲೂಯ’ ಮರಳಿ ಕೇಳಿಬರುತ್ತದೆ. ಅದೇ ರಾತ್ರಿ ಕೆಂಪು ಸಮುದ್ರವನ್ನು ದಾಟಿದ ವೃತ್ತಾಂತದ ವಾಚನವನ್ನು ಬಿಡುವಂತಿಲ್ಲವೆಂಬುದು ಆರಾಧನಾ ವಿಧಿಯ ನಿಯಮ.

ಪ್ರಾಟೆಸ್ಟಂಟ್ ಸಭೆಗಳಲ್ಲಿ ಒತ್ತು ಬೆಳಗಿನ ಆರಾಧನೆಯ ಮೇಲಿದೆ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯವರು 1732ರಲ್ಲಿ ಸೂರ್ಯೋದಯಕ್ಕೆ ಮುನ್ನ ಸಮಾಧಿಭೂಮಿಯಲ್ಲಿ ಸೇರಿ ಹಾಡಿದ ಪದ್ಧತಿ ಮುಂದೆ ಅನೇಕ ದೇಶಗಳಿಗೆ ಹರಡಿತು. ನಸುಕಿನಲ್ಲಿ ಸಮಾಧಿಯ ಬಳಿಗೆ ಬಂದ ಸ್ತ್ರೀಯರ ವೃತ್ತಾಂತ ಈ ಪದ್ಧತಿಯ ಮೂಲ. ತೀರಿಕೊಂಡ ಅಜ್ಜ ಎಲ್ಲಿದ್ದಾರೆಂಬ ಪ್ರಶ್ನೆ ಮಗುವಿಗೆ ಇಂತಹ ಬೆಳಗಿನಲ್ಲಿಯೇ ಬರಬಹುದು. ಹಬ್ಬವು ಹೇಳಬಯಸುವ ಮುಖ್ಯ ಮಾತಿಗೆ ಅದೇ ಪ್ರವೇಶದ್ವಾರ.

ಎರಡು ಭಾಷೆ, ಅರ್ಥದ ಎರಡು ಮುಖ

ಗಡಿನಾಡಿನ ಮಗು ಈ ದಿನಗಳನ್ನು ಒಂದಕ್ಕಿಂತ ಹೆಚ್ಚು ಹೆಸರುಗಳಲ್ಲಿ ಕೇಳುತ್ತದೆ. ಯೇಸುವಿನ ಮರಣದ ದಿನ ಕನ್ನಡದಲ್ಲಿ ಶುಭ ಶುಕ್ರವಾರ. ಮಲಯಾಳದಲ್ಲಿ ಅದೇ ದಿನ ‘ದುಃಖವೆಳ್ಳಿ’. ಕಾಸರಗೋಡಿನ ಮಗು ಮನೆಯಲ್ಲಿ ಶುಭವೆಂದೂ ಶಾಲೆಯ ಗೆಳೆಯರಿಂದ ದುಃಖವೆಂದೂ ಕೇಳಿದಾಗ ಯಾವುದು ಸರಿಯೆಂದು ಕೇಳದೆ ಇರದು. ಎರಡೂ ಸರಿಯೆಂಬುದೇ ದೈವಶಾಸ್ತ್ರದ ಉತ್ತರ. ಮರಣದ ನೋವನ್ನು ಒಂದು ಹೆಸರು ಹಿಡಿದಿದೆ. ಆ ಮರಣದಿಂದ ಬಂದಿತೆಂದು ನಂಬಲಾದ ಒಳಿತನ್ನು ಇನ್ನೊಂದು ಹಿಡಿದಿದೆ. ಏಕಭಾಷಿಕ ಮಗುವಿಗೆ ಸುಲಭವಾಗಿ ಏಳದ ಪ್ರಶ್ನೆಯೊಂದು ದ್ವಿಭಾಷಿಕ ಮಗುವಿಗೆ ತಾನಾಗಿ ಒದಗುತ್ತದೆ.

ಈಸ್ಟರ್ ಭಾನುವಾರದ ಹೆಸರುಗಳೂ ಹೀಗೆಯೇ. ಕನ್ನಡ ಮತ್ತು ತೆಲುಗುಗಳಲ್ಲಿ ಬಳಕೆಯಾಗುವ ‘ಪುನರುತ್ಥಾನ’ ಸಂಸ್ಕೃತದ ಪದ. ಮಗುವಿಗೆ ಅದನ್ನು ಬಿಡಿಸಿ ಹೇಳಬೇಕು. ಮಲಯಾಳದ ‘ಉಯಿರ್ಪ್ಪು’ ಎಂಬಲ್ಲಿ ಉಸಿರು, ಜೀವ ಎಂಬ ದ್ರಾವಿಡ ಧಾತುವೇ ಕೇಳಿಸುತ್ತದೆ; ಕನ್ನಡದ ‘ಉಸಿರು’ ಅದರ ಸೋದರ ಪದ. ಉಪವಾಸಕ್ಕೆ ಮಲಯಾಳಿ ಕ್ರೈಸ್ತರು ಹೇಳುವ ‘ನೋಂಬು’ ಕನ್ನಡದ ಜೈನ ಪರಂಪರೆಯ ‘ನೋಂಪಿ’ಗೆ ಹತ್ತಿರದ ನಂಟುಳ್ಳದ್ದು. ಇಂತಹ ಹೋಲಿಕೆಗಳನ್ನು ತೋರಿಸುವ ಹಿರಿಯರಿದ್ದರೆ ನೆರೆಭಾಷೆಯು ಮನೆಮಾತಿನ ಅರ್ಥವನ್ನು ಬೆಳಗಿಸುತ್ತದೆ. ಅಂತಹವರಿಲ್ಲದಿದ್ದರೆ ಶಾಲೆಯ ಪದವು ಮನೆಯ ಪದವನ್ನು ಮೆಲ್ಲನೆ ತಳ್ಳಿಹಾಕುತ್ತದೆ.

ಮನೆಯೊಳಗಿನ ವಿಧಿ

ಹಬ್ಬದ ಅರ್ಥವನ್ನು ಮನೆಯ ವಿಧಿಯಾಗಿ ಉಳಿಸಿಕೊಂಡ ಗಟ್ಟಿಯಾದ ನಿದರ್ಶನ ಕೇರಳದ ತೋಮಾ ಕ್ರೈಸ್ತರಲ್ಲಿದೆ. 1940ರ ದಶಕದಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಈ ಸಮುದಾಯದ ಕುಟುಂಬಗಳು ಕಾಸರಗೋಡಿನ ಪೂರ್ವದ ಗುಡ್ಡಸೀಮೆಯಲ್ಲಿಯೂ ವಯನಾಡಿನಲ್ಲಿಯೂ ನೆಲೆಸಿರುವುದರಿಂದ ಅವರ ಪದ್ಧತಿ ಅಲ್ಲಿಯ ಕನ್ನಡಿಗರಿಗೆ ನೆರೆಮನೆಯದೇ. ಪವಿತ್ರ ಗುರುವಾರದ ರಾತ್ರಿ ಹುಳಿ ಬರಿಸದ ಹಿಟ್ಟಿನಿಂದ ಪೆಸಹಾ ಅಪ್ಪವನ್ನು ಮಾಡಿ ಅದರ ಮೇಲೆ ಭಾನುವಾರದ ಗರಿಯಿಂದ ಶಿಲುಬೆಯ ಗುರುತಿಡುತ್ತಾರೆ. ತೆಂಗಿನ ಹಾಲು, ಬೆಲ್ಲ ಸೇರಿಸಿ ‘ಪಾಲ್’ ಕಾಯಿಸುತ್ತಾರೆ. ಪ್ರಾರ್ಥನೆ, ವಾಚನಗಳಾದ ಬಳಿಕ ಮನೆಯ ಹಿರಿಯರು ಅಪ್ಪವನ್ನು ಮುರಿದು ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ಈ ವಿಧಿಗೆ ಗುರುಗಳ ಅಗತ್ಯವಿಲ್ಲ; ಅಡುಗೆಮನೆ, ಹಿರಿಯರು, ಮನೆಮಾತು ಇಷ್ಟಿದ್ದರೆ ಸಾಕು. ಅದು ಬಾಳಿ ಬಂದುದಕ್ಕೆ ಈ ಸರಳತೆಯೇ ಮುಖ್ಯ ಕಾರಣವೆಂದು ಹೇಳಬಹುದು.

ಬಣ್ಣದ ಮೊಟ್ಟೆಯ ಸಂಗತಿ ಬೇರೆ. ಮಧ್ಯಯುಗದ ಯುರೋಪಿನಲ್ಲಿ ತಪಸ್ಸುಕಾಲದಲ್ಲಿ ಮೊಟ್ಟೆ ನಿಷಿದ್ಧವಾಗಿತ್ತು. ಕೂಡಿಬಿದ್ದ ಮೊಟ್ಟೆಗಳು ಹಬ್ಬದಂದು ಹಂಚಿಕೆಯಾಗುತ್ತಿದ್ದವು. ಮುಚ್ಚಿದ ಸಮಾಧಿಯಿಂದ ಜೀವ ಹೊರಬರುವುದಕ್ಕೆ ಅದು ಸಂಕೇತವೂ ಆಯಿತು. ಮೊಟ್ಟೆ ತರುವ ಮೊಲದ ಕಥೆಯಾದರೋ ಜರ್ಮನ್ ನಾಡಿನದು. 1682ರಲ್ಲಿ ಗೆಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ ಎಂಬ ವೈದ್ಯನ ಬರಹದಲ್ಲಿ ಅದರ ಉಲ್ಲೇಖವಿದೆ. ಇಂದು ಅಂಗಡಿಯ ಚಾಕೊಲೇಟ್ ಮೊಟ್ಟೆಯಾಗಿ ಬರುವ ಈ ಸಂಪ್ರದಾಯವನ್ನು ಮಕ್ಕಳು ಸಂತೋಷದಿಂದ ಸ್ವೀಕರಿಸುವುದರಲ್ಲಿ ದೋಷವಿಲ್ಲ. ಆದರೆ ಅರ್ಥ ಹೇಳುವವರಿಲ್ಲದೆ ಅದು ತಿಂಡಿಯಾಗಿ ಮಾತ್ರ ಉಳಿಯುತ್ತದೆ.

ಲಿಪಿಯ ಪ್ರಶ್ನೆ

ಹಬ್ಬದ ಅರ್ಥವನ್ನು ಮಗು ಮಾತಿನಿಂದ ಕಲಿತು ಓದಿನಿಂದ ಗಟ್ಟಿಮಾಡಿಕೊಳ್ಳುತ್ತದೆ. ಗಡಿನಾಡಿನಲ್ಲಿ ತೊಡಕು ಹೆಚ್ಚುವುದು ಈ ಓದಿನ ಹಂತದಲ್ಲಿ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದದಿಂದ 1831ರ ವೇಳೆಗೆ ಸಂಪೂರ್ಣ ಸತ್ಯವೇದ ಕನ್ನಡದಲ್ಲಿ ದೊರೆಯಿತು. ಆಗ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದವು; 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿದುವು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಕನ್ನಡದ ಜೊತೆಗೆ ತುಳುವಿನಲ್ಲಿಯೂ ಕೆಲಸ ಮಾಡಿತು. 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಪ್ರಕಟವಾಯಿತು. ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡ ಪದ್ಯಕ್ಕೆ ಇಳಿಸಿದರು. ದಕ್ಷಿಣ ಕನ್ನಡದ ಕಥೋಲಿಕರ ಕೊಂಕಣಿ ಪ್ರಾರ್ಥನೆಗಳೂ ಕೀರ್ತನೆಗಳೂ ಕನ್ನಡ ಲಿಪಿಯಲ್ಲಿ ಅಚ್ಚಾದುವು. ನೀಲಗಿರಿಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಡಗ ಭಾಷೆಯ ಸುವಾರ್ತೆಯೂ ಇದೇ ಲಿಪಿಯನ್ನು ಆಶ್ರಯಿಸಿತು.

ಇದರ ಪರಿಣಾಮವೇನೆಂದರೆ, ಈ ಪ್ರದೇಶಗಳಲ್ಲಿ ಕನ್ನಡ ಲಿಪಿಯು ಕನ್ನಡ, ತುಳು, ಕೊಂಕಣಿ, ಬಡಗ ಈ ನಾಲ್ಕು ಮಾತುಗಳ ಪ್ರಾರ್ಥನೆಗೆ ಆಧಾರವಾಯಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕೊಂಕಣಿ ಮಾತಾಡುವ ಮಗು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಮಾತ್ರ ಓದಿದರೆ ಕನ್ನಡ ಅಕ್ಷರ ತಿಳಿಯದು. ಆಗ ತನ್ನ ತಾಯಿನುಡಿಯಲ್ಲಿರುವ ಪಾಸ್ಖದ ಕೀರ್ತನೆಯನ್ನು ಆ ಮಗು ಹಾಡಬಲ್ಲದೇ ಹೊರತು ಓದಲಾರದು. ತುಳು ಮನೆಮಾತಿನ ಮಗುವಿನ ಸ್ಥಿತಿಯೂ ಇದೇ. ತಮಿಳು ಲಿಪಿಯನ್ನಷ್ಟೇ ಕಲಿತ ಬಡಗ ಮಗುವಿಗೆ ಮುತ್ತಜ್ಜನ ಸುವಾರ್ತೆ ಮೂಕ ಪುಸ್ತಕ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯವಿರಬೇಕೆಂದು ಹೇಳುತ್ತದೆ. ಈ ವಿಧಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಾತೃಭಾಷೆಯನ್ನು. ಮಾತೃಭಾಷೆಯನ್ನು ಬರೆಯುವ ಲಿಪಿಯನ್ನಲ್ಲ. ಜನಗಣತಿಯ ಮಾತೃಭಾಷೆಯ ಅಂಕಣದಲ್ಲಿ ಕೊಂಕಣಿ ಅಥವಾ ತುಳು ಎಂದು ದಾಖಲಾಗುವ ಮಗುವಿಗೆ ಕನ್ನಡ ಓದುಬರಹದ ಅಗತ್ಯವಿರುವುದು ಆ ಅಂಕಣದಿಂದ ತಿಳಿಯುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಯ ಅಗತ್ಯವನ್ನು ಕನ್ನಡ ಮಾತೃಭಾಷಿಕರ ಸಂಖ್ಯೆಯಿಂದ ಮಾತ್ರ ಅಳೆಯುವ ಕ್ರಮ ಈ ಕಾರಣದಿಂದ ಅಪೂರ್ಣ.

ಮನೆಯಲ್ಲಿ ಮಾಡಬಹುದಾದುದು

ಶಾಲೆಯ ಪ್ರಶ್ನೆ ಬಗೆಹರಿಯುವ ತನಕ ಮನೆಗಳು ಕಾಯಬೇಕಾಗಿಲ್ಲ. ಪವಿತ್ರ ವಾರದ ಎಂಟು ದಿನಗಳಿಗೆ ಎಂಟು ಚಿಕ್ಕ ವಾಚನಗಳು ಸಾಲುತ್ತವೆ. ಮಾರ್ಕನ ಸುವಾರ್ತೆಯ ಕಡೆಯ ಅಧ್ಯಾಯದ ಮೊದಲ ಎಂಟು ವಚನಗಳನ್ನು ಹತ್ತು ವರ್ಷದ ಮಗು ತಾನೇ ಓದಬಹುದು. ಲಿಪಿ ಬಾರದಿದ್ದರೆ ಅಜ್ಜಿ ಓದಿ, ಮಗು ತಾನು ಬಲ್ಲ ಲಿಪಿಯಲ್ಲಿ ಬರೆದುಕೊಂಡು, ಮರುವರ್ಷ ಅದೇ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಗುರುತಿಸಬಹುದು. ಬಾಯಿಗೆ ಬಂದ ಪಾಠವನ್ನು ಕಣ್ಣು ಬೇಗ ಹಿಡಿಯುತ್ತದೆ. ತೆಲುಗು ಓದಬಲ್ಲ ಆದವಾನಿಯ ಮಗುವಿಗಂತೂ ಎರಡು ಲಿಪಿಗಳ ಸಾಮ್ಯವೇ ದೊಡ್ಡ ನೆರವು. ಗುರುವಾರದ ರಾತ್ರಿ ಮನೆಯ ಕಿರಿಯರು ಒಂದು ಪ್ರಶ್ನೆ ಕೇಳಿ ಹಿರಿಯರು ಮನೆಮಾತಿನಲ್ಲಿ ಉತ್ತರ ಹೇಳುವ ಕ್ರಮವನ್ನು ಯಾವ ಸಭೆಯ ಕುಟುಂಬವೂ ಅಳವಡಿಸಿಕೊಳ್ಳಬಹುದು. ಸಂಶೋಧಕರಿಗೂ ಇಲ್ಲಿ ಕೆಲಸವಿದೆ: ಪವಿತ್ರ ವಾರದ ಪದಗಳು, ಮನೆಯ ಪ್ರಾರ್ಥನೆಗಳು, ಅಡುಗೆಯ ಹೆಸರುಗಳನ್ನು ಹಿರಿಯರ ಬಾಯಿಯಿಂದ ದಾಖಲಿಸಿ ಎರಡು ಲಿಪಿಗಳಲ್ಲಿ ಮಕ್ಕಳ ಕೈಗೆ ಸಿಗುವಂತೆ ಮಾಡುವುದು.

ಹಬ್ಬದ ಮೂಲಕಥೆಯೂ ಬಹುಭಾಷಿಕ ಪ್ರದೇಶವೊಂದರಲ್ಲಿ ನಡೆದದ್ದು. ಶಿಲುಬೆಯ ಮೇಲಿನ ಫಲಕ ಇಬ್ರಿಯ, ಲತೀನ, ಗ್ರೀಕ್ ಈ ಮೂರು ಭಾಷೆಗಳಲ್ಲಿತ್ತೆಂದು ಯೋಹಾನನು ಹೇಳುತ್ತಾನೆ. ಪುನರುತ್ಥಾನದ ಬೆಳಗಿನಲ್ಲಿ ಮಗ್ದಲದ ಮರಿಯಳು ಯೇಸುವನ್ನು ತೋಟಗಾರನೆಂದು ಭಾವಿಸಿ, ಆತ ಹೆಸರು ಹಿಡಿದು ಕರೆದಾಗ ಗುರುತಿಸುತ್ತಾಳೆ. ಆಕೆಯ ಉತ್ತರವನ್ನು, ಗ್ರೀಕ್ ಭಾಷೆಯಲ್ಲಿ ಬರೆಯುತ್ತಿದ್ದ ಸುವಾರ್ತಿಕನು, ಅನುವಾದಿಸಿ ಬಿಡದೆ ‘ರಬ್ಬೂನಿ’ ಎಂದು ಆಕೆಯ ನುಡಿಯಲ್ಲಿಯೇ ಉಳಿಸಿ, ಪಕ್ಕದಲ್ಲಿ ಅರ್ಥವನ್ನು ಕೊಟ್ಟಿದ್ದಾನೆ. ಮನೆಮಾತಿನ ಪದವನ್ನು ಉಳಿಸಿಕೊಂಡು ಅದರ ಅರ್ಥವನ್ನು ಮುಂದಿನವರಿಗೆ ವಿವರಿಸುವ ಈ ವಿಧಾನ ಗಡಿನಾಡಿನ ತಂದೆತಾಯಿಗಳಿಗೂ ಶಿಕ್ಷಕರಿಗೂ ಅನುಸರಣೀಯವಾಗಿದೆ.