ಬೈಪಾಸಿನಾಚೆ ಉಳಿದ ಹೋಟೆಲುಗಳು

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತೆಂದು ಎರಡೂ ನಗರಗಳ ಜನ ಹಿಗ್ಗಿದರು. ನಡುವಿನ ಊರುಗಳ ಜನಕ್ಕೆ ಹಾಗೆ ಹಿಗ್ಗುವ ಸ್ಥಿತಿ ಇರಲಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವೆಲ್ಲವನ್ನೂ ಹೊಸ ರಸ್ತೆ ಹೊರಗಿನಿಂದಲೇ ಬಳಸಿಕೊಂಡು ಹೋಯಿತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ ಎಂದು ನಿಲ್ಲುತ್ತಿದ್ದ ಕಾರುಗಳು ಬೇಲಿಯಾಚೆಯೇ ಸಾಗಿಹೋದವು. ಹಳೆಯ ರಸ್ತೆಯ ಹೋಟೆಲುಗಳಲ್ಲಿ ಮಧ್ಯಾಹ್ನದ ಹೊತ್ತಿಗೂ ಬೆಂಚು ಖಾಲಿ ಉಳಿಯತೊಡಗಿದವು.

ಇದು ಹೊಸ ಸಂಗತಿಯೇನಲ್ಲ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ ಅಗಲವಾದಾಗ ಶಿರಾ, ಹಿರಿಯೂರು, ಚಿತ್ರದುರ್ಗ, ರಾಣೆಬೆನ್ನೂರು, ಹಾವೇರಿಗಳೂ ಇದನ್ನೇ ಕಂಡಿದ್ದವು. ರಸ್ತೆ ಊರನ್ನು ಬಿಟ್ಟು ಹೋದರೆ ಮೊದಲು ಬಾಗಿಲು ಹಾಕುವುದು ಹೋಟೆಲು ಎಂಬ ಮಾತು ವಾಡಿಕೆಯಲ್ಲಿದೆ. ಮಾತು ಅರ್ಧ ನಿಜ. ಅದೇ ಊರುಗಳಲ್ಲಿ ಕೆಲವು ಹೋಟೆಲುಗಳು ಮುಚ್ಚಿಹೋದವು, ಕೆಲವು ಇಂದಿಗೂ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸುತ್ತಿವೆ. ಯಾವುದು ಉಳಿಯಿತು, ಯಾಕೆ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ ಹೋಟೆಲೆಂಬುದು ನಮ್ಮ ಸಣ್ಣ ಊರುಗಳಿಗೆ ಹೇಗೆ ಬಂತೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಇಂಗ್ಲಿಷಿನ 'ಹೋಟೆಲ್' ಎಂದರೆ ತಂಗುವ ಜಾಗ. ಕನ್ನಡಕ್ಕೆ ಬಂದು ಅದು ತಿನ್ನುವ ಜಾಗವಾಯಿತು. ಮಲಗುವುದಕ್ಕೆ ನಾವು ಬೇರೆಯಾಗಿ 'ಲಾಡ್ಜು' ಮಾಡಿಕೊಂಡೆವು. ಈ ಬದಲಾವಣೆಗೆ ಕಾರಣವಿದೆ. ತಂಗುವುದಕ್ಕೆ ನಮ್ಮಲ್ಲಿ ಮೊದಲೇ ಛತ್ರಗಳಿದ್ದವು, ಧರ್ಮಶಾಲೆಗಳಿದ್ದವು, ಮಠಗಳಿದ್ದವು, ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಿದ್ದವು. ಇಲ್ಲದಿದ್ದದ್ದು ದುಡ್ಡು ಕೊಟ್ಟು ಉಣ್ಣುವ ಜಾಗ. ಅನ್ನ ಮಾರುವುದು ಪಾಪವೆಂದು ತಿಳಿದಿದ್ದ, ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದೆಂಬುದಕ್ಕೆ ಕಟ್ಟುಪಾಡಿದ್ದ ಸಮಾಜದಲ್ಲಿ ಅಂಥ ಜಾಗ ಸುಲಭವಾಗಿ ಹುಟ್ಟುವಂತಿರಲಿಲ್ಲ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಖಾನಾವಳಿಗಳು ಈ ಕೊರತೆಯನ್ನು ತುಂಬಿದವು. ಅವುಗಳಲ್ಲಿ ಬಹಳಷ್ಟನ್ನು ನಡೆಸಿದವರು ಹೆಂಗಸರು. ರೊಟ್ಟಿ ಬಡಿಯುವ ಸದ್ದೇ ಅವುಗಳ ಬೋರ್ಡು.

ದಕ್ಷಿಣದಲ್ಲಿ ಹೋಟೆಲನ್ನು ಮೊದಲು ಕರೆತಂದದ್ದು ರೈಲು. ಬೆಂಗಳೂರಿನಿಂದ ಹೊರಟ ರೈಲುಹಾದಿ 1881ರಲ್ಲಿ ಮದ್ದೂರನ್ನೂ ಮರುವರ್ಷ ಮೈಸೂರನ್ನೂ ಮುಟ್ಟಿತು. 1917ರಲ್ಲಿ ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ಸಸ್ಯಾಹಾರಿ ತಿಂಡಿಮನೆ ಆರಂಭಿಸಿದರು. ಉಗಿಬಂಡಿಗೆ ನೀರು ತುಂಬಿಸಿಕೊಳ್ಳಲು ಗಾಡಿ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು ಎನ್ನುತ್ತಾರೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿತಂತೆ. ಪಕೋಡಕ್ಕೆ ಕಲಸಿಟ್ಟ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಅದೇ ಮದ್ದೂರು ವಡೆಯಾಯಿತು. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂಬುದು ಬೇರೆ ಮಾತು. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು ಸೇರಿದ ಈ ತೆಳುವಾದ ವಡೆ ಉದ್ದಿನ ವಡೆಯಂತೆ ಸಾಂಬಾರು ಬೇಡುವುದಿಲ್ಲ, ತಟ್ಟೆ ಬೇಡುವುದಿಲ್ಲ, ಬೇಗ ಹಳಸುವುದೂ ಇಲ್ಲ. ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟರೆ ಸಾಕು. ನಿಲ್ಲುವ ಕೆಲವೇ ನಿಮಿಷಗಳಿಗೆ ತಕ್ಕಂತೆ ರೂಪುಗೊಂಡ ತಿಂಡಿ ಅದು.

ರೈಲಿನ ಬೆನ್ನಿಗೆ ಬಸ್ಸು ಬಂತು. ಬಸ್ಸಿನ ಜೊತೆಗೆ ಉಡುಪಿ, ಕುಂದಾಪುರ ತಾಲ್ಲೂಕುಗಳ ಹುಡುಗರು ಘಟ್ಟ ಹತ್ತಿದರು. ತುಂಡು ಜಮೀನು, ತುಂಬಿದ ಮನೆ, ದೇವಸ್ಥಾನದಲ್ಲಿ ಕಲಿತ ಅಡಿಗೆ ಇವು ಅವರ ಬಂಡವಾಳ. 1923ರ ದೊಡ್ಡ ನೆರೆ ಅನೇಕ ಕುಟುಂಬಗಳನ್ನು ಊರು ಬಿಡಿಸಿತು. ಆಮೇಲೆ 1974ರ ಭೂಸುಧಾರಣೆಯಲ್ಲಿ ಗೇಣಿಯ ಆದಾಯ ಕಳೆದುಕೊಂಡ ಮನೆಗಳವರೂ ಹೋಟೆಲನ್ನೇ ನೆಚ್ಚಿದರು. ಹತ್ತು ಹನ್ನೆರಡರ ಹುಡುಗ ಕ್ಲೀನರ್ ಆಗಿ ಸೇರಿ, ಮಾಣಿಯಾಗಿ, ಒಲೆಯ ಮುಂದೆ ನಿಂತು, ಕೊನೆಗೆ ಇನ್ನೊಂದು ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಎದುರು ತನ್ನದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು ನೂರಾರು ಮಂದಿಯ ಜೀವನಚರಿತ್ರೆ. ಗಂಜಿ, ಅಂಬಲಿ, ಮಜ್ಜಿಗೆಯ ಊರುಗಳಿಗೆ ಕಾಫಿಯ ರುಚಿ ಹತ್ತಿಸಿದವರೂ ಇವರೇ.

ಆದರೆ ಈ ಕಥೆಯನ್ನು ಬರೀ ಸಾಹಸದ ಕಥೆಯಾಗಿ ಹೇಳುವುದು ನ್ಯಾಯವಲ್ಲ. ಆರಂಭದ ಹೋಟೆಲುಗಳ ಹೆಸರಿನಲ್ಲೇ ಜಾತಿಯಿತ್ತು. ಇಂದು ಎಂಟಿಆರ್ ಎಂದು ಲೋಕಪ್ರಸಿದ್ಧವಾದದ್ದು 1924ರಲ್ಲಿ ಆರಂಭವಾದಾಗ 'ಬ್ರಾಹ್ಮಣರ ಕಾಫಿ ಕ್ಲಬ್'. ಸಣ್ಣ ಊರುಗಳ ಹೋಟೆಲಿನಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಗಿನ ಬೆಂಚು ಇರುತ್ತಿತ್ತು. ದಲಿತರಿಗೆ ಹಿತ್ತಿಲ ಕಡೆ ಬೇರೆ ಲೋಟ, ಕುಡಿದಾದ ಮೇಲೆ ಅವರೇ ತೊಳೆದಿಡಬೇಕು. ಹೋಟೆಲಿಗೆ ಯಾರ ಪ್ರವೇಶವನ್ನೂ ಜಾತಿಯ ಕಾರಣದಿಂದ ತಡೆಯುವಂತಿಲ್ಲವೆಂದು ಸಂವಿಧಾನ 1950ರಲ್ಲಿ ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಒಳಕೋಣೆ ಹೋಯಿತು. ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಲೋಟದಲ್ಲಿ ಕುಡಿಯುವ ಅಭ್ಯಾಸವನ್ನು ತಾಲ್ಲೂಕು ಕೇಂದ್ರಗಳಿಗೆ ಕಲಿಸಿದ ಜಾಗಗಳಲ್ಲಿ ಶಾಲೆ ಒಂದಾದರೆ ಹೋಟೆಲು ಇನ್ನೊಂದು. ಪಾಠ ಪೂರ್ತಿಯಾಗಿದೆ ಎನ್ನುವಂತಿಲ್ಲ. ದಲಿತರಿಗೆ ಕಾಫಿ ಕೊಡುವ ಬದಲು ಹೋಟೆಲನ್ನೇ ಮುಚ್ಚಿದ ಹಳ್ಳಿಗಳ ಸುದ್ದಿ ಈ ಕಾಲದಲ್ಲೂ ಬರುತ್ತದೆ. ಹೋಟೆಲಿನ ಉಳಿವಿನ ಬಗ್ಗೆ ಮರುಗುವವರು ಅಂಥ ಹೋಟೆಲಿಗಾಗಿ ಮರುಗಬೇಕಾಗಿಲ್ಲ.

ಹೀಗೆ ನೆಲೆಯೂರಿದ ಹೋಟೆಲಿಗೆ ಗಿರಾಕಿಗಳು ಎರಡು ಬಗೆ. ಒಂದು, ದಾರಿಹೋಕರು. ಬಸ್ಸಿನ ಡ್ರೈವರ್, ಕಂಡಕ್ಟರರಿಗೆ ಒಳಗೆ ಕೂರಿಸಿ ಪುಕ್ಕಟೆ ತಿಂಡಿ ಕೊಟ್ಟರೆ ಐವತ್ತು ಜನ ಹೊರಗೆ ಬಂದಿಳಿಯುತ್ತಾರೆ. ಇನ್ನೊಂದು, ಊರಿನವರೇ: ಕೋರ್ಟಿಗೆ ಬಂದ ಕಕ್ಷಿದಾರರು, ತಾಲ್ಲೂಕು ಕಚೇರಿಯ ಗುಮಾಸ್ತರು, ಸಂತೆಗೆ ಬಂದ ರೈತರು, ಮಂಡಿಯ ಹಮಾಲರು, ಕಾಲೇಜಿನ ಹುಡುಗರು, ಮನೆಯಲ್ಲಿ ಕಾಫಿ ಕುಡಿದು ಬಂದು ಇಲ್ಲಿ ಬೈಟೂ ಹೇಳುವ ನಿವೃತ್ತ ಮೇಷ್ಟರು. 'ರಾಜಕೀಯ ಮಾತನಾಡಬಾರದು' ಎಂದು ಗೋಡೆಯ ಮೇಲೆ ಬರೆಸಿರುತ್ತಿದ್ದುದೇ ಇವರ ಭಯಕ್ಕೆ. ಮೊದಲನೆಯವರಿಂದ ಲಾಭ ಹೆಚ್ಚು. ಎರಡನೆಯವರು ಉದ್ರಿ ಹೇಳುತ್ತಾರೆ, ಒಂದು ಲೋಟಕ್ಕೆ ಒಂದು ಗಂಟೆ ಕೂರುತ್ತಾರೆ. ಹಾಗಾಗಿ ಜಾಣ ಮಾಲೀಕರು ಊರೊಳಗಿನ ಪೇಟೆಬೀದಿ ಬಿಟ್ಟು ಹೆದ್ದಾರಿಯ ಅಂಚಿಗೆ ಕಟ್ಟಡ ಎತ್ತಿದರು. ಬೈಪಾಸು ಬಂದಾಗ ಹೆಚ್ಚು ಪೆಟ್ಟು ಬಿದ್ದದ್ದು ಈ ಜಾಣರಿಗೆ.

ಮೈಸೂರು ರಸ್ತೆಯಲ್ಲಿ ಆದದ್ದೂ ಹೀಗೆಯೇ. ಹೊಸ ಹೆದ್ದಾರಿಗೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಇಳಿಯುವ ಜಾಗ ತಪ್ಪಿದರೆ ಮುಂದಿನದಕ್ಕೆ ಮೈಲಿಗಟ್ಟಲೆ ಹೋಗಬೇಕು. ಮೊದಮೊದಲು ಆ ರಸ್ತೆಯಲ್ಲಿ ತಿನ್ನಲು ಹೋಗಲಿ, ಮೂತ್ರಕ್ಕೆ ನಿಲ್ಲಲೂ ಸರಿಯಾದ ಜಾಗವಿರಲಿಲ್ಲವೆಂದು ಪ್ರಯಾಣಿಕರೇ ಗೊಣಗಿದರು. ಕೈಯಲ್ಲಿ ದುಡ್ಡಿದ್ದವರು ಸರ್ವಿಸ್ ರಸ್ತೆಗೆ ಹೋಟೆಲು ಸಾಗಿಸಿದರು. ಇಲ್ಲದವರು ಸೋತರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂತು. ಅವು ಮತ್ತೆ ಹಳೆಯ ರಸ್ತೆ, ಸರ್ವಿಸ್ ರಸ್ತೆಗಳನ್ನೇ ಹಿಡಿಯಬೇಕಾಯಿತು. ಊರೊಳಗಿನ ಹೋಟೆಲಿಗೆ ಕಾರು ತಪ್ಪಿದರೂ ಬೈಕು ಉಳಿಯಿತು.

ಅದೇ ವರ್ಷದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ಆರಂಭವಾಯಿತು. ಅದರ ಖರ್ಚುವೆಚ್ಚದ ವಾದ ಏನೇ ಇರಲಿ, ಪುಣ್ಯಕ್ಷೇತ್ರಗಳ ಬಸ್‌ಸ್ಟ್ಯಾಂಡುಗಳು ತುಂಬಿ ತುಳುಕಿದ್ದು ಎಲ್ಲರೂ ಕಂಡದ್ದು. ಸಾಮಾನ್ಯ ಬಸ್ಸು ಬೈಪಾಸು ಹಿಡಿಯುವುದಿಲ್ಲ, ಊರೊಳಕ್ಕೆ ಬರುತ್ತದೆ. ಟಿಕೆಟ್ಟಿನಲ್ಲಿ ಉಳಿದ ದುಡ್ಡಿನಲ್ಲಿ ಒಂದು ಪ್ಲೇಟು ಇಡ್ಲಿ, ಮಕ್ಕಳಿಗೊಂದು ದೋಸೆ. ಹಿಂದೆ ಸಣ್ಣ ಊರಿನ ಹೋಟೆಲೆಂದರೆ ಗಂಡಸರ ಜಾಗ. ಹೆಂಗಸರಿಗೆ ಪರದೆ ಎಳೆದ 'ಫ್ಯಾಮಿಲಿ ರೂಮು'. ಈಗ ನಾಲ್ಕಾರು ಹೆಂಗಸರೇ ಕೂಡಿ ಬಂದು ಮುಂದಿನ ಮೇಜಿನಲ್ಲಿ ಕೂರುವುದು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ಗಲ್ಲಾದ ಆಚೆಗೂ ಅವರು ಬಂದಿದ್ದಾರೆ. ಸ್ವಸಹಾಯ ಗುಂಪುಗಳ ಮಹಿಳೆಯರು ನಡೆಸುವ 'ಅಕ್ಕ ಕೆಫೆ'ಗಳು 2024ರಿಂದ ತೆರೆಯುತ್ತಿವೆ. ಅವಕ್ಕಿಂತ ಹಿಂದಿನಿಂದಲೇ ಮನೆಯ ಮುಂದಿನ ಕೋಣೆಯಲ್ಲಿ ಮೆಸ್ಸು ಇಟ್ಟವರು, ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಒದಗಿಸುವವರು ಊರೂರಲ್ಲಿದ್ದಾರೆ.

ರಸ್ತೆಗಿಂತ ಕಠಿಣವಾದ ಸಮಸ್ಯೆ ಆಳುಗಳದು. ಹಳೆಯ ಹೋಟೆಲು ನಿಂತಿದ್ದು ಎಳೆಯ ಹುಡುಗರ ದುಡಿಮೆಯ ಮೇಲೆ. ಲೋಟ ತೊಳೆಯುತ್ತ ಮೇಲೆ ಬಂದವರ ಕಥೆಯನ್ನು ನಾವು ಮೆಚ್ಚಿ ಹೇಳುತ್ತೇವೆ. ಲೋಟ ತೊಳೆಯುತ್ತಲೇ ಉಳಿದವರ ಕಥೆ ಬರೆದವರು ಕಡಿಮೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಆಗಲೇಬೇಕಾಗಿದ್ದ ಕಾನೂನು. ಅದರೊಂದಿಗೆ ಹೊಸ ಭಟ್ಟರು ತಯಾರಾಗುತ್ತಿದ್ದ ಹಳೆಯ ದಾರಿಯೂ ಮುಚ್ಚಿತು, ಹೊಸ ದಾರಿಯನ್ನು ಯಾರೂ ತೆರೆಯಲಿಲ್ಲ. ಮಾಲೀಕರ ಮಕ್ಕಳು ಎಂಜಿನಿಯರರಾಗಿ ಬೆಂಗಳೂರು ಸೇರಿದರು. ಇಂದು ಮಲೆನಾಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನ ಊರು ಒಡಿಶಾದಲ್ಲೋ ಅಸ್ಸಾಮಿನಲ್ಲೋ ನೇಪಾಳದಲ್ಲೋ ಇರಬಹುದು. ದೋಸೆ ಚೆನ್ನಾಗಿಯೇ ಇರುತ್ತದೆ. ಆದರೆ ಅವನು ಹಬ್ಬಕ್ಕೆ ಊರಿಗೆ ಹೊರಟರೆ ಹೋಟೆಲು ಹದಿನೈದು ದಿನ ಬಂದ್.

ಇದಕ್ಕೆ ಸಣ್ಣ ಊರುಗಳು ಕಂಡುಕೊಂಡ ಒಂದು ಉಪಾಯ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿ: ನಿಂತು ತಿನ್ನು, ತಟ್ಟೆ ನೀನೇ ಒಯ್ಯಿ. ಮಾಣಿ ಬೇಡ, ಜಾಗ ಬೇಡ. ಖರ್ಚೇನೋ ಇಳಿಯಿತು, ಆದರೆ ಮೇಷ್ಟರಿಗೆ ಕೂರಲು ಬೆಂಚೂ ಇಲ್ಲದಾಯಿತು. ಮಾಡುವ ಪದಾರ್ಥವನ್ನು ಕಡಿಮೆ ಮಾಡುವುದು ಇನ್ನೊಂದು ಉಪಾಯ, ಮತ್ತು ಇದೇ ಹೆಚ್ಚು ಫಲ ಕೊಟ್ಟಂತೆ ಕಾಣುತ್ತದೆ. ಗೋಬಿ ಮಂಚೂರಿ, ನೂಡಲ್ಸ್, ಉತ್ತರ ಭಾರತದ ಊಟ ಎಂದು ಎರಡು ಪುಟದ ಪಟ್ಟಿ ಇಟ್ಟವರು ದೊಡ್ಡ ಊರಿನ ಸರಪಳಿ ಹೋಟೆಲುಗಳೆದುರು ನಿಲ್ಲಲಾರರು. ದಾವಣಗೆರೆಯ ಬೆಣ್ಣೆದೋಸೆಯವರು ಚಟ್ನಿ, ಆಲೂಗಡ್ಡೆ ಪಲ್ಯ ಬಿಟ್ಟು ಬೇರೇನೂ ಕೊಡದೆಯೇ ಹೆಸರಾದರು. ಬೆಳಿಗ್ಗೆ ಎರಡು ತಿಂಡಿ, ಮಧ್ಯಾಹ್ನ ಮುದ್ದೆ ಊಟ ಅಥವಾ ರೊಟ್ಟಿ ಊಟ, ಮೂರಕ್ಕೆ ಬಾಗಿಲು ಎಂಬ ಕ್ರಮ ಹಿಡಿದ ಹೋಟೆಲಿಗೆ ಇಬ್ಬರು ಆಳು ಸಾಕು. ಪದಾರ್ಥ ಮಿಗುವುದಿಲ್ಲ, ಮರುದಿನಕ್ಕೆ ತಂಗಳು ಇಡುವುದಿಲ್ಲ. ಇಂಥ ಕಡೆಗೆ ಈಗ ಯಾರೋ ಮೊಬೈಲಿನಲ್ಲಿ ಹಾಕಿದ ವಿಡಿಯೊ ನೋಡಿ ಹೆದ್ದಾರಿಯಿಂದ ಕಾರುಗಳು ಇಳಿದು ಬರುತ್ತಿವೆ. ಇದರಲ್ಲಿಯೂ ಅಪಾಯವಿದೆ. ಭಾನುವಾರದ ಕಾರಿನವರಿಗಾಗಿ ದರ ಏರಿಸಿದರೆ ಸೋಮವಾರದ ಹಮಾಲ ಬೇರೆ ಕಡೆ ಹೋಗುತ್ತಾನೆ. ಕಾರಿನವರು ಮುಂದಿನ ವಿಡಿಯೊದ ಹಿಂದೆ ಹೋಗುತ್ತಾರೆ. ಹೆದ್ದಾರಿಯನ್ನು ನೆಚ್ಚಿ ಕೆಟ್ಟವರ ಕಥೆಯೇ ಮತ್ತೆ.

ಉಳಿದುಕೊಂಡ ಹೋಟೆಲುಗಳ ಲೆಕ್ಕದ ಪುಸ್ತಕ ನೋಡಿದರೆ ಅಲ್ಲಿ ಕಾಣುವುದು ಊರಿನವರ ಹೆಸರುಗಳು. ಹಾಲು ಪಕ್ಕದ ಹಳ್ಳಿಯದು, ಬಾಳೆಲೆ ಸಂತೆಯದು, ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನೂರು ಪ್ಯಾಕೆಟ್ ಉಪ್ಪಿಟ್ಟು, ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದವರಿಗೆ ಪಾರ್ಸೆಲ್, ಯಾರದೋ ತಿಥಿಗೆ ಅಡಿಗೆ. ದಾರಿಹೋಕರು ಬಂದರೆ ಅದು ಮೇಲಿನ ಆದಾಯ. 2020ರ ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ಇಂಥ ಹೋಟೆಲುಗಳಿಗೆ ಮೊದಲ ದಿನವೇ ಬಂದು ಕೂತವರು ಈ ಊರಿನವರೇ.

ಇಂಥವು ಇಂದು ಕೈ ಬದಲಾಗುತ್ತಿವೆ. ವಯಸ್ಸಾದ ಮಾಲೀಕರು ಕುಂದಾಪುರಕ್ಕೆ ಹಿಂದಿರುಗುತ್ತಾರೆ. ಹೋಟೆಲನ್ನು ಇಪ್ಪತ್ತು ವರ್ಷ ಸಪ್ಲಯರ್ ಆಗಿದ್ದವರೋ ಒಲೆಯ ಮುಂದೆ ನಿಂತವರೋ ಬಾಡಿಗೆಗೆ ಹಿಡಿಯುತ್ತಾರೆ. ಅವರು ಹಾಸನದ ಒಕ್ಕಲಿಗರಿರಬಹುದು, ಹಾವೇರಿಯ ಕುರುಬರಿರಬಹುದು. ಕಟ್ಟಡಕ್ಕೆ ಸುಣ್ಣ ಬಳಿದು, ಗಲ್ಲಾದ ಮೇಲೆ ಮೊಬೈಲಿನಲ್ಲಿ ದುಡ್ಡು ಹಾಕುವ ಕ್ಯೂಆರ್ ಕೋಡಿನ ಹಲಗೆ ಇಟ್ಟು, ಒಂದನ್ನು ಮಾತ್ರ ಮುಟ್ಟದೆ ಬಿಡುತ್ತಾರೆ: ಹೊರಗೆ ತೂಗುವ 'ಉಡುಪಿ ಹೋಟೆಲ್' ಎಂಬ ಬೋರ್ಡು.