ಕಿವಿ ಕೇಳದ ಬಾಲಣ್ಣನ ದನಿ

ಕಾಲೇಜ್ ಡೇಗಳಲ್ಲಿ ಮಿಮಿಕ್ರಿ ಮಾಡುವವರು ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ಮೊದಲು ಅಣ್ಣಾವ್ರು, ಆಮೇಲೆ ವಿಷ್ಣು, ಅಂಬರೀಷ್, ಶಂಕರ್‌ನಾಗ್. ಚಪ್ಪಾಳೆ ಸ್ವಲ್ಪ ಇಳಿಯಿತು ಅನ್ನಿಸಿದಾಗ ಒಂದು ಹಳೆಯ ದನಿಯನ್ನು ಹೊರಗೆ ತೆಗೆಯುತ್ತಾರೆ. ಮಾತಿನ ಕೊನೆಯನ್ನು ಎಳೆಯುವ, ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ ಅಲ್ಲೇ ಒಡೆಯುವ, ಕುತಂತ್ರವೋ ಮುಗ್ಧತೆಯೋ ಗೊತ್ತಾಗದ ದನಿ. ಇಡೀ ಸಭಾಂಗಣ ನಗುತ್ತದೆ. ನಗುವವರಲ್ಲಿ ಎಷ್ಟೋ ಜನಕ್ಕೆ ಅದು ಯಾರದು ಅಂತ ಗೊತ್ತಿರುವುದಿಲ್ಲ. ಹೆಸರು ಮರೆತರೂ ದನಿ ಉಳಿದುಕೊಂಡಿರುವ ಆ ನಟ ಟಿ.ಎನ್. ಬಾಲಕೃಷ್ಣ, ಎಲ್ಲರ ಬಾಯಲ್ಲಿ ಬಾಲಣ್ಣ.

ಕನ್ನಡದಲ್ಲಿ ಅತಿ ಹೆಚ್ಚು ಅನುಕರಣೆಯಾದ ದನಿಗಳಲ್ಲಿ ಒಂದು ಬಾಲಣ್ಣನದು. ಆ ದನಿಯನ್ನು ಸರಿಯಾಗಿ ಕೇಳಿಸಿಕೊಳ್ಳದೇ ಹೋದ ಒಬ್ಬ ಕನ್ನಡಿಗನೆಂದರೆ ಸ್ವತಃ ಬಾಲಣ್ಣ. ಅವರಿಗೆ ಕಿವಿ ಬಹುತೇಕ ಕೇಳುತ್ತಿರಲಿಲ್ಲ.

ಹಳೇ ಸಿನಿಮಾ ಪ್ರಿಯರಿಗೆ ಇದು ಹೊಸ ವಿಷಯವಲ್ಲ. ಆದರೆ ನನ್ನ ವಯಸ್ಸಿನವರಿಗೆ ಹೇಳಿದರೆ ನಂಬುವುದಿಲ್ಲ. ನಾನೂ ಮೊದಲ ಸಲ ಕೇಳಿದಾಗ ನಂಬಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಫೀಡ್‌ಬ್ಯಾಕ್ ಅಂದರೆ ಏನು ಅಂತ ಮೂರು ಸೆಮಿಸ್ಟರ್‌ಗಳಿಂದ ಹೇಳಿಕೊಡುತ್ತಿದ್ದಾರೆ. ಹೊರಗೆ ಹೋದದ್ದು ಎಷ್ಟು ಎಂದು ಅಳೆದು ವಾಪಸ್ ಒಳಗೆ ತಿಳಿಸುವ ದಾರಿ ಇಲ್ಲದಿದ್ದರೆ ಎಷ್ಟೋ ಯಂತ್ರಗಳು ಹಿಡಿತದಲ್ಲಿರುವುದಿಲ್ಲ. ಮನುಷ್ಯನ ಮಾತೂ ಹಾಗೆಯೇ. ನಾವು ಮಾತನಾಡುವಾಗ ನಮ್ಮ ದನಿಯನ್ನು ನಾವೇ ಕೇಳಿಸಿಕೊಂಡು ಏರಿಸುತ್ತೇವೆ, ಇಳಿಸುತ್ತೇವೆ. ಸಂತೆಯಲ್ಲಿ ನಿಂತರೆ ಗೊತ್ತಿಲ್ಲದೆ ದನಿ ದೊಡ್ಡದಾಗುತ್ತದೆ. ಇದಕ್ಕೆ ಲಂಬಾರ್ಡ್ ಪರಿಣಾಮ ಎಂಬ ಹೆಸರೇ ಇದೆ. ಹೆಡ್‌ಫೋನ್ ಹಾಕಿಕೊಂಡವರು ಮಾತಾಡಿದರೆ ಕೂಗಿದಂತೆ ಕೇಳಿಸುವುದೂ ಇದೇ ಕಾರಣಕ್ಕೆ. ಕಿವಿ ಮಂದವಾದವರಲ್ಲಿ ಈ ಹಿಡಿತ ತಪ್ಪಿ, ಕೆಲವರ ಮಾತು ಏಕತಾನವಾಗುತ್ತದೆ, ಕೆಲವರದು ವಿಪರೀತ ಜೋರಾಗುತ್ತದೆ. ಬಾಲಣ್ಣನದು ಏಕತಾನವಾಗಲಿಲ್ಲ. ಏರಿಳಿತವೇ ಅವರ ಗುರುತಾಯಿತು. ಅದು ಕೊರತೆಯಿಂದ ಬಂದದ್ದು ಎಷ್ಟು, ಅವರೇ ಕಟ್ಟಿಕೊಂಡದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ನನ್ನ ಪ್ರಕಾರ ಬಹುಪಾಲು ಕಟ್ಟಿಕೊಂಡದ್ದೇ.

ಅವರು ನಮ್ಮ ಕಡೆಯವರು ಎಂಬ ಹೆಮ್ಮೆಯೂ ನನಗಿದೆ. ಎಮ್ಮೆದೊಡ್ಡಿಯಿಂದ ಕಡೂರಿಗೆ ಬಸ್ಸು, ಕಡೂರಿನಿಂದ ರೈಲು ಹತ್ತಿ ಬಾಣಾವರ ದಾಟಿದರೆ ಅರಸೀಕೆರೆ. ಬೆಂಗಳೂರಿಗೆ ಹೋಗುವ ನಾವೆಲ್ಲ ಪ್ರತಿಸಲ ದಾಟುವ ಆ ಊರಿನಲ್ಲೇ, ಕಳೆದ ಶತಮಾನದ ಎರಡನೇ ದಶಕದಲ್ಲಿ, ಬಾಲಣ್ಣ ಹುಟ್ಟಿದ್ದು. ಮನೆಯಲ್ಲಿ ಎಷ್ಟು ಬಡತನವೆಂದರೆ, ಎಂಟು ರೂಪಾಯಿಗೆ ಮಗುವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು ಎಂಬ ಮಾತನ್ನು ಅವರ ಬಗ್ಗೆ ಬರೆದವರು ಹೇಳುತ್ತಲೇ ಬಂದಿದ್ದಾರೆ. ಈ ಎಂಟು ರೂಪಾಯಿಯ ಕಥೆ ಹೇಳಿ ಕಣ್ಣೀರು ಹಾಕಿಸುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಡತನದ ಮಾತೇ ಜಾಸ್ತಿ, ನಟನೆಯ ಮಾತು ಕಡಿಮೆ. ನನಗೆ ಅದೇ ಬೇಸರ.

ನಾಟಕ ಕಂಪನಿಗಳಲ್ಲಿ ಸಣ್ಣಪುಟ್ಟ ಕೆಲಸಗಳಿಂದ ಶುರು ಮಾಡಿ ಬಣ್ಣ ಹಚ್ಚುವ ಹಂತಕ್ಕೆ ಬಂದವರು ಅವರು. ಕಂಪನಿ ನಾಟಕದ ದಿನಗಳಲ್ಲಿ ಮೈಕಿನ ಆಸರೆಯಿಲ್ಲದೆ ಕೊನೆಯ ಸಾಲಿನವರೆಗೆ ಮಾತು ಮುಟ್ಟಬೇಕಿತ್ತು. ದನಿ ತೆಗೆಯುವುದನ್ನು ಅಲ್ಲಿ ಎದೆಯಿಂದ, ಹೊಟ್ಟೆಯಿಂದ ಕಲಿಯಬೇಕು. ಕಿವಿಯಿಂದ ಬರಬೇಕಾದ ಅಳತೆಯನ್ನು ಬಾಲಣ್ಣ ಮೈಯಿಂದ ಪಡೆದುಕೊಂಡಿರಬೇಕು ಎಂಬುದು ನನ್ನ ಊಹೆ. ಗಂಟಲಿನ ಕಂಪನ ಕೈಗೆ ಗೊತ್ತಾಗುತ್ತದೆ, ಉಸಿರಿನ ಖರ್ಚು ಎದೆಗೆ ಗೊತ್ತಾಗುತ್ತದೆ.

1943ರಲ್ಲಿ ಬಂದ 'ರಾಧಾರಮಣ' ಅವರ ಮೊದಲ ಚಿತ್ರ. ಎಂ.ವಿ. ರಾಜಮ್ಮ ನಿರ್ಮಿಸಿದ ಆ ಚಿತ್ರದಲ್ಲೇ ಜಿ.ವಿ. ಅಯ್ಯರ್ ಕೂಡ ತೆರೆಗೆ ಬಂದರು. ಮುಂದೆ ಸಂಸ್ಕೃತದಲ್ಲಿ 'ಆದಿ ಶಂಕರಾಚಾರ್ಯ' ಮಾಡಿದ ಅದೇ ಅಯ್ಯರ್. ಅಲ್ಲಿಂದ 1995ರವರೆಗೆ, ಅಂದರೆ ಅರ್ಧ ಶತಮಾನ, ಬಾಲಣ್ಣ ನಟಿಸಿದ ಚಿತ್ರಗಳು 500ಕ್ಕೂ ಹೆಚ್ಚು. ಖಳನಾಗಿ, ಖಳನ ಚೇಲಾ ಆಗಿ, ಊರು ಒಡೆಯುವ ಪಂಚಾಯ್ತಿ ಮುಖಂಡನಾಗಿ, ಜಿಪುಣ ಅಪ್ಪನಾಗಿ, ಪೂಜಾರಿಯಾಗಿ, ಕಡೆಕಡೆಗೆ ಪ್ರೀತಿಯ ತಾತನಾಗಿ. ಒಂದೇ ಮುಖ, ಒಂದೇ ದನಿ. ಒಂದು ಸಿನಿಮಾದಲ್ಲಿ ಅದನ್ನು ಕಂಡರೆ ಕಲ್ಲು ಎಸೆಯಬೇಕು ಅನ್ನಿಸುತ್ತದೆ, ಇನ್ನೊಂದರಲ್ಲಿ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತದೆ.

ಕಿವಿ ಕೇಳದೆ ಎದುರಿನವರ ಮಾತಿಗೆ ಸರಿಯಾದ ಕ್ಷಣಕ್ಕೆ ಉತ್ತರ ಕೊಡುವುದು ಹೇಗೆ? ಅವರು ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತಿದ್ದರು, ತನ್ನ ಮಾತಿನ ಜೊತೆಗೆ ಎದುರಿನ ಪಾತ್ರದ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು ಎನ್ನುತ್ತಾರೆ. ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ 'ಪಟ್ಟೆ, ಬಟ್ಟೆ, ಮಟ್ಟೆ' ಅಂದು ನೋಡಿ. ತುಟಿ ಮೂರಕ್ಕೂ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಎದುರಿಗಿರುವವನು ಹೇಳಿದ್ದು ಉಡುವ ಬಟ್ಟೆಯೋ ತೆಂಗಿನ ಮಟ್ಟೆಯೋ ಎಂದು ತಿಳಿಯಬೇಕಾದರೆ ಮಾತಿನ ಸಂದರ್ಭ ಮೊದಲೇ ತಲೆಯಲ್ಲಿರಬೇಕು. 'ಕ', 'ಗ' ಅಂತೂ ಗಂಟಲ ಬಳಿ ಹುಟ್ಟುವ ಅಕ್ಷರಗಳು, ತುಟಿಯ ಮೇಲೆ ಕಾಣಿಸುವುದೇ ಇಲ್ಲ. ಎದುರಿನ ನಟ ಬೆನ್ನು ತಿರುಗಿಸಿದರೆ ಅದೂ ಇಲ್ಲ. ಗಡ್ಡ ಮೀಸೆ ಅಂಟಿಸಿಕೊಂಡ ಪೌರಾಣಿಕ ಪಾತ್ರಗಳ ಎದುರು ನಿಂತಾಗ ಇನ್ನೂ ಕಷ್ಟ. ಜೊತೆಗೆ ಆ ಕಾಲದ ಮದ್ರಾಸ್ ಸ್ಟುಡಿಯೊಗಳಲ್ಲಿ ಮಾತನ್ನು ಸೆಟ್ಟಿನಲ್ಲೇ ರೆಕಾರ್ಡ್ ಮಾಡುತ್ತಿದ್ದುದು ಸಾಮಾನ್ಯ. ಒಬ್ಬರು ಅರ್ಧ ಕ್ಷಣ ತಪ್ಪಿದರೂ ಎಲ್ಲರದೂ ರೀಟೇಕ್. ಫಿಲ್ಮಿನ ರೀಲು ದುಬಾರಿ. ಪದೇಪದೇ ತಪ್ಪುವ ನಟನನ್ನು ಯಾವ ನಿರ್ಮಾಪಕನೂ 500 ಸಲ ಕರೆಯುವುದಿಲ್ಲ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಈಗ ಹಳೇ ಚಿತ್ರಗಳನ್ನು ನೋಡಿದರೆ ಬಾಲಣ್ಣ ಬೇರೆಯಾಗಿಯೇ ಕಾಣುತ್ತಾರೆ. ಮಾತನಾಡುವಾಗಿನ ಬಾಲಣ್ಣನನ್ನು ಬಿಡಿ, ಸುಮ್ಮನಿರುವ ಬಾಲಣ್ಣನನ್ನು ನೋಡಿ. ಬೇರೆ ನಟರು ತಮ್ಮ ಸರದಿ ಬರುವ ತನಕ ಎಲ್ಲೋ ನೋಡುತ್ತಾ ನಿಂತಿರುವುದುಂಟು. ಬಾಲಣ್ಣನ ಕಣ್ಣು ಎದುರಿನವರ ಮುಖ ಬಿಟ್ಟು ಕದಲುವುದು ಅಪರೂಪ. ಆ ನೋಟವೇ ಅವರ ಪಾತ್ರಗಳಿಗೆ ಬೇಕಾದಂತೆ ಬಳಕೆಯಾಗಿದೆ. ಖಳನ ಪಾತ್ರದಲ್ಲಿ ಅದು ಹೊಂಚು ಹಾಕುವ ನೋಟ, ಹಾಸ್ಯದಲ್ಲಿ ಬೆಪ್ಪು ನೋಟ, ಅಪ್ಪನ ಪಾತ್ರದಲ್ಲಿ ಅಕ್ಕರೆ. 1972ರ 'ಬಂಗಾರದ ಮನುಷ್ಯ'ದಲ್ಲಿ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನನ್ನು ನೆನಪಿಸಿಕೊಳ್ಳಿ. ರಾಜ್‌ಕುಮಾರ್ ಮಾತಾಡುವಾಗ ರಾಚೂಟಪ್ಪ ಕೇಳುವ ರೀತಿ ಇದೆಯಲ್ಲ, ಊರಿನ ಹಿರಿಯನೊಬ್ಬ ಓದಿದ ಹುಡುಗನ ಮಾತನ್ನು ಹಾಗೆಯೇ ಕೇಳುವುದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ನೂರಕ್ಕೂ ಹೆಚ್ಚು ವಾರ ಓಡಿದ ಆ ಚಿತ್ರದಲ್ಲಿ ಅತ್ಯಂತ ಚೆನ್ನಾಗಿ ಕೇಳಿಸಿಕೊಳ್ಳುವ ಪಾತ್ರವನ್ನು ಮಾಡಿದ್ದು ಕಿವಿ ಕೇಳದ ಮನುಷ್ಯ.

ಹೊರಗಿನ ಉದಾಹರಣೆಯೂ ಇದೆ. 'ಚಿಲ್ಡ್ರನ್ ಆಫ್ ಎ ಲೆಸ್ಸರ್ ಗಾಡ್' ಚಿತ್ರಕ್ಕೆ ಮಾರ್ಲೀ ಮ್ಯಾಟ್ಲಿನ್ 1987ರಲ್ಲಿ ಆಸ್ಕರ್ ಪಡೆದರು, 'ಕೋಡಾ' ಚಿತ್ರಕ್ಕೆ ಟ್ರಾಯ್ ಕಾಟ್ಸರ್ 2022ರಲ್ಲಿ ಪಡೆದರು. ಇಬ್ಬರೂ ಕಿವಿ ಕೇಳದ ಕಲಾವಿದರು, ಇಬ್ಬರ ಪಾತ್ರಗಳೂ ಕಿವಿ ಕೇಳದವರದೇ. ಅವರ ಸಾಧನೆ ಕಡಿಮೆಯದಲ್ಲ. ಆದರೆ ಬಾಲಣ್ಣನ ಪರೀಕ್ಷೆ ಬೇರೆ ಥರದ್ದು. ಅವರು ತೆರೆಯ ಮೇಲೆ ಬದುಕಿದ್ದು ಕಿವಿ ಕೇಳುವವರಾಗಿ. ಟಿಕೆಟ್ ತೆಗೆದುಕೊಂಡು ಒಳಗೆ ಕೂತವನಿಗೆ ಅನುಮಾನವೂ ಬರಬಾರದಿತ್ತು.

ನಟನೆಯಾಚೆಗೂ ಈ ಮನುಷ್ಯ ಸುಮ್ಮನೆ ಕೂತವರಲ್ಲ. ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಕೆಲವೇ ಬರುತ್ತಿದ್ದವು, ಕಲಾವಿದರಿಗೆ ಕೆಲಸವಿರಲಿಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಣ್ಣ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ಸುತ್ತಿ ನಾಟಕವಾಡಿದರು. ಆಮೇಲೆ ತಾವೇ 'ರಣಧೀರ ಕಂಠೀರವ' ನಿರ್ಮಿಸಿದರು, ಅದು ಬಂದದ್ದು 1960ರಲ್ಲಿ. ಕೆಲಸ ಕೊಡುವವರಿಲ್ಲದಾಗ ನಾಲ್ವರು ಗೆಳೆಯರು ಸೇರಿ ಕೆಲಸ ಹುಟ್ಟಿಸಿಕೊಂಡ ಕಥೆಯಿದು. ಇವತ್ತಾಗಿದ್ದರೆ ಸ್ಟಾರ್ಟಪ್ ಅನ್ನುತ್ತಿದ್ದೆವೋ ಏನೋ.

ಆಮೇಲೆ ಅಭಿಮಾನ್ ಸ್ಟುಡಿಯೊ. ಈ ಹೆಸರು ನಮ್ಮ ತಲೆಮಾರಿಗೆ ಗೊತ್ತಿರುವುದು ಬೇರೆ ಕಾರಣಕ್ಕೆ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿ. 2025ರ ಆಗಸ್ಟ್‌ನಲ್ಲಿ ಅವರ ಸಮಾಧಿ ನೆಲಸಮವಾದಾಗ ಸುದ್ದಿಯಲ್ಲೆಲ್ಲ ಅದೇ ಹೆಸರು. ಆ ವಾರ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಷ್ಟೊಂದು ಜಗಳವಾಯಿತು! ಈ ಸ್ಟುಡಿಯೊ ಕಟ್ಟಿದವರು ಯಾರು ಎಂದು ಕೇಳಿದವರು ಕಡಿಮೆ. ಕನ್ನಡ ಚಿತ್ರಗಳಿಗೆ ಮದ್ರಾಸೇ ಗತಿ ಎಂಬಂತಿದ್ದ ಕಾಲ, ನಮ್ಮ ನೆಲದಲ್ಲಿ ಮೈಸೂರಿನ ಪ್ರೀಮಿಯರ್‌ನಂಥ ಒಂದೆರಡು ಬಿಟ್ಟರೆ ಸ್ಟುಡಿಯೊ ಇಲ್ಲ. ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಬಾಲಣ್ಣ ತಮ್ಮ ದುಡಿಮೆಯನ್ನೆಲ್ಲ ಸುರಿದರು. ಸ್ಟುಡಿಯೊ ಅವರ ಕೈ ಹಿಡಿಯಲಿಲ್ಲ, ಸಾಲ ಹಿಡಿಯಿತು. ಜಾಗದ ವ್ಯಾಜ್ಯ ಅವರ ನಂತರವೂ ಮುಗಿಯಲಿಲ್ಲ. ಆ ವ್ಯಾಜ್ಯದಲ್ಲಿ ಯಾರು ಸರಿ ಎಂದು ಹೇಳಲು ನಾನು ವಕೀಲನಲ್ಲ. ಒಬ್ಬ ಪೋಷಕ ನಟ ನಾಯಕ ನಟರಿಗೂ ಸುಲಭವಲ್ಲದ ಕೆಲಸಕ್ಕೆ ಕೈ ಹಾಕಿದ್ದನ್ನು ಮಾತ್ರ ಮರೆಯಬಾರದು ಅನ್ನಿಸುತ್ತದೆ. 1995ರ ಜುಲೈ 19ರಂದು ಅವರು ತೀರಿಕೊಂಡರು.

ಊರಿನಲ್ಲಿ ನಮ್ಮ ಅಜ್ಜನಿಗೆ ಈಗ ಕಿವಿ ಪೂರ್ತಿ ಮಂದ. ಮಧ್ಯಾಹ್ನ ಟಿವಿಯಲ್ಲಿ ಹಳೇ ಸಿನಿಮಾ ಹಾಕಿದರೆ ಸೌಂಡ್ ಎಷ್ಟಿದ್ದರೂ ಅಷ್ಟೇ. ರಾಜ್‌ಕುಮಾರ್ ಹಾಡಿಗೆ ಅವರ ಮುಖದಲ್ಲಿ ಏನೂ ಆಗುವುದಿಲ್ಲ, ಆ ಹಾಡನ್ನು ಒಂದು ಕಾಲದಲ್ಲಿ ಗದ್ದೆ ಬದುವಿನಲ್ಲಿ ಹಾಡಿದವರೇ ಅವರು. ಬಾಲಣ್ಣ ಬಂದರೆ ಮಾತ್ರ ನಗುತ್ತಾರೆ. "ಈವಯ್ಯಂದು ಕೇಳ್ಬೇಕಾಗಿಲ್ಲ ಕಣ್ಲಾ, ಕಾಣ್ತದೆ" ಅನ್ನುತ್ತಾರೆ.

ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣ ನನ್ನ ಸಹಪಾಠಿ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಾನೆ. ಕೋಡಿಂಗ್‌ನಲ್ಲಿ ನಮ್ಮ ಬ್ಯಾಚಿನಲ್ಲಿ ಅವನ ಸಮ ಇರುವವರು ಇಬ್ಬರೋ ಮೂವರೋ. ಇತ್ತೀಚೆಗೆ ಇಂಟರ್ನ್‌ಶಿಪ್‌ಗೆಂದು ಬಂದ ಒಂದು ಕಂಪನಿಯ ಗ್ರೂಪ್ ಡಿಸ್ಕಷನ್‌ನಲ್ಲಿ ಹೊರಗೆ ಬಿದ್ದ. ಹತ್ತು ಜನ ದುಂಡಗೆ ಕೂತು ಒಬ್ಬರ ಮೇಲೊಬ್ಬರು ಮಾತನಾಡುವ ಆ ಇಪ್ಪತ್ತು ನಿಮಿಷದಲ್ಲಿ, ಯಾರ ತುಟಿ ನೋಡಬೇಕು ಎಂದು ಅವನು ಕತ್ತು ತಿರುಗಿಸುವಷ್ಟರಲ್ಲಿ ವಿಷಯ ಇನ್ನೊಬ್ಬರ ಬಾಯಿಗೆ ದಾಟಿರುತ್ತಿತ್ತು. 'ಕಮ್ಯುನಿಕೇಷನ್ ಸುಧಾರಿಸಿಕೊಳ್ಳಿ' ಎಂಬ ಸಲಹೆ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಇದೆ, ಅದರಲ್ಲಿ ಶೇ 1 ಶ್ರವಣದೋಷ ಇರುವವರಿಗೆ. ಅದೇ ಕಾಯ್ದೆ ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವ ಮಾತನ್ನೂ ಆಡುತ್ತದೆ. ಚರ್ಚೆಯ ಬದಲು ಪ್ರಶ್ನೆಯನ್ನು ಬರೆದು ಕೊಡಿ ಎಂದು ಅವನು ಕೇಳಬಹುದಿತ್ತು. ಕೇಳಿದರೆ ಮೊದಲ ಸುತ್ತಿನಲ್ಲೇ ಗುರುತು ಹಿಡಿದುಬಿಡುತ್ತಾರೆ ಎಂಬ ಭಯ ಅವನಿಗೆ. ಇದನ್ನು ಓದುತ್ತಿರುವ ಎಷ್ಟೋ ಜನರಿಗೆ ಆ ಭಯ ಗೊತ್ತಿರಬಹುದು.

ಅವನಿಗೆ ಬಾಲಣ್ಣನ ವಿಷಯ ಹೇಳಿದ್ದು ಸಮಾಧಾನ ಮಾಡಲಿಕ್ಕಲ್ಲ. ಬಾಲಣ್ಣ ಮಾಡಿದರಲ್ಲ, ನೀನೂ ಮಾಡು ಅನ್ನುವುದು ಸುಲಭದ ಮಾತು. ಎದುರಿನವರು ಏನು ಹೇಳುತ್ತಾರೆ ಎಂಬ ಸ್ಕ್ರಿಪ್ಟ್ ಬಾಲಣ್ಣನ ಕೈಯಲ್ಲಿರುತ್ತಿತ್ತು, ಗ್ರೂಪ್ ಡಿಸ್ಕಷನ್‌ಗೆ ಸ್ಕ್ರಿಪ್ಟ್ ಇಲ್ಲ. ಸುಮ್ಮನೆ ಲ್ಯಾಪ್‌ಟಾಪಿನಲ್ಲಿ 'ಬಂಗಾರದ ಮನುಷ್ಯ' ಹಾಕಿ, ಸೌಂಡ್ ತೆಗೆದು, ಇಬ್ಬರೂ ನೋಡಿದೆವು. ನನಗೆ ಕತೆ ಗೊತ್ತಿದ್ದೂ ಎಷ್ಟೋ ಕಡೆ ಏನು ಮಾತಾಡುತ್ತಿದ್ದಾರೆ ತಿಳಿಯಲಿಲ್ಲ. ಅವನು ಹೇಳುತ್ತಾ ಹೋದ. ನಡುವೆ ಒಂದು ಕಡೆ ನಿಲ್ಲಿಸಿ, ರಾಚೂಟಪ್ಪನ ಮುಖದ ಮೇಲೆ ಬೆರಳಿಟ್ಟು, "ನೋಡು, ಎದುರಿನವರು ಬಾಯಿ ತೆಗೆಯೋಕೆ ಮೊದಲೇ ಇವರು ಉಸಿರು ಹಿಡಿದಿದ್ದಾರೆ. ನಾನೂ ಹಿಂಗೇ ಮಾಡೋದು" ಅಂದ. ನಾನು ಆ ಸಿನಿಮಾವನ್ನು ಅಷ್ಟು ಸಲ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದಿನ ಚಿತ್ರ 'ರಣಧೀರ ಕಂಠೀರವ' ಅಂತ ತೀರ್ಮಾನವಾಗಿದೆ. ಅಲ್ಲಿ ಮೀಸೆಗಳು ಜಾಸ್ತಿ, ತುಟಿ ಓದುವುದು ಕಷ್ಟ ಆಗುತ್ತದೆ ಎಂದು ಅವನು ಈಗಲೇ ಎಚ್ಚರಿಸಿದ್ದಾನೆ.